ನಾಲ್ಕು ತಾಲ್ಲೂಕು, ಒಂದು ಬಂಡೆ, ಎರಡು ಹುಳು

ಮಕ್ಕಳೇ, ಅಮೆರಿಕದ ಶಾಲೆಗಳಲ್ಲಿ ನಿಮ್ಮದೇ ವಯಸ್ಸಿನ ಮಕ್ಕಳು ಮಾಡುವ ಒಂದು ಸೊಗಸಾದ ಕೆಲಸವನ್ನು ಮೊದಲು ಹೇಳುತ್ತೇನೆ. ಆ ದೇಶದಲ್ಲಿ 50 ರಾಜ್ಯಗಳಿವೆ. ಅಷ್ಟರ ಹೆಸರನ್ನೂ ಬಾಯಿಪಾಠ ಮಾಡುವ ಬದಲು ಎಷ್ಟೋ ತರಗತಿಗಳಲ್ಲಿ ಒಬ್ಬೊಬ್ಬರು ಒಂದೊಂದು ರಾಜ್ಯವನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿನ ಹಕ್ಕಿ ಯಾವುದು, ಹೂವು ಯಾವುದು, ಹೊಲದಲ್ಲಿ ಏನು ಬೆಳೆಯುತ್ತಾರೆ, ಹೊಳೆ ಎಲ್ಲಿ ಹುಟ್ಟುತ್ತದೆ ಎಂದು ಹುಡುಕುತ್ತಾರೆ. ಆಮೇಲೆ ರಟ್ಟಿನ ಡಬ್ಬಿಯಲ್ಲಿ ಆ ರಾಜ್ಯದ ಪುಟ್ಟ ಮಾದರಿ ಮಾಡಿ ತಂದು ಉಳಿದವರಿಗೆ ತೋರಿಸುತ್ತಾರೆ. ನ್ಯೂ ಹ್ಯಾಂಪ್‌ಶೈರ್ ಎಂಬ ರಾಜ್ಯ ಪಾಲಿಗೆ ಬಂದ ಮಗು ಡಬ್ಬಿಯಲ್ಲಿ ಒಂದು ಕಲ್ಲನ್ನೂ ಇಟ್ಟುಕೊಂಡು ಬಂದರೆ ಆಶ್ಚರ್ಯವಿಲ್ಲ. ಆ ರಾಜ್ಯವನ್ನು ಕರೆಯುವುದೇ ‘ಗ್ರಾನೈಟ್ ರಾಜ್ಯ’ ಎಂದು.

ಗ್ರಾನೈಟ್ ಎಂದರೆ ನಮ್ಮ ರಾಮನಗರದ ಬೆಟ್ಟಗಳ ಕಲ್ಲು. ಅಷ್ಟು ದೂರದ ಮಕ್ಕಳು ತಮ್ಮ ಕಲ್ಲನ್ನು ಡಬ್ಬಿಯಲ್ಲಿಟ್ಟು ಮೆರೆಸುವಾಗ ನಾವು ನಮ್ಮ ಕಲ್ಲನ್ನು ಸುಮ್ಮನೆ ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಹೋಗುವುದೇ? ಬನ್ನಿ, ನಾವೂ ಆ ಕೆಲಸ ಮಾಡೋಣ. ನಮಗೆ 50 ಬೇಡ, ನಾಲ್ಕು ಸಾಕು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ.

ಆಡುತ್ತಾ ಕಲಿಯುವುದು ನಮಗೆ ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ‘ನಲಿ–ಕಲಿ’ ಶುರುವಾಯಿತು. ಆಮೇಲೆ ಅದು ರಾಜ್ಯದ ಉಳಿದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೂ ಬಂತು. ನಿಮ್ಮಲ್ಲಿ ಎಷ್ಟೋ ಜನ ಅದರಲ್ಲೇ ಅಕ್ಷರ ಕಲಿತವರು. ಈಗ ನಾವು ಮಾಡುವುದು ಅದರದೇ ಮುಂದಿನ ಹೆಜ್ಜೆ.

ಶಾಲೆಯ ಅಂಗಳ ಗುಡಿಸಿ, ಸುಣ್ಣದ ಪುಡಿಯಲ್ಲಿ ಜಿಲ್ಲೆಯ ನಕ್ಷೆಯನ್ನು ದೊಡ್ಡದಾಗಿ ಬಿಡಿಸಿ. ಒಳಗೆ ನಿಂತು ಓಡಾಡುವಷ್ಟು ದೊಡ್ಡದಿರಲಿ. ಮೇಲೆ, ಬಡಗಣ ದಿಕ್ಕಿಗೆ ಮಾಗಡಿ. ನಡುವೆ ರಾಮನಗರ. ಕೆಳಗೆ ಎಡಕ್ಕೆ ಚನ್ನಪಟ್ಟಣ, ಬಲಕ್ಕೆ ಕನಕಪುರ. ತರಗತಿಯಲ್ಲಿ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ತಾಲ್ಲೂಕು ಕೊಡಿ. ಕಟ್ಟುಪಾಡು ಒಂದೇ: ಪುಸ್ತಕ ನೋಡಿ ನಕಲು ಮಾಡುವಂತಿಲ್ಲ. ಕಣ್ಣಾರೆ ಕಂಡದ್ದು, ಇಲ್ಲವೇ ಕಂಡವರನ್ನು ಕೇಳಿ ತಿಳಿದದ್ದು ಮಾತ್ರ ನಕ್ಷೆಯ ಮೇಲೆ ಬರಬೇಕು.

ರಾಮನಗರದ ಗುಂಪು ಮೊದಲು ಒಂದು ಚೂರು ಕಲ್ಲು ತರಲಿ. ಕಲ್ಲು ಕೆಲಸದವರ ಹತ್ತಿರ ಕೇಳಿದರೆ ಕೊಡುತ್ತಾರೆ. ಅದನ್ನು ಒದ್ದೆ ಮಾಡಿ ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ದೂರದಿಂದ ಒಂದೇ ಬಣ್ಣ ಎನಿಸಿದ ಕಲ್ಲಿನಲ್ಲಿ ಮೂರು ಬಗೆಯ ಹರಳುಗಳು ಕಾಣುತ್ತವೆ. ನಸುಗೆಂಪಾಗಿ ದೊಡ್ಡದಾಗಿರುವುದು ಫೆಲ್ಡ್‌ಸ್ಪಾರ್. ಗಾಜಿನ ಚೂರಿನಂತಿರುವುದು ಬೆಣಚು. ಕಪ್ಪಗೆ ಮಿಣಮಿಣ ಎನ್ನುವುದು ಅಭ್ರಕ, ಅಂದರೆ ನಾವು ಕಾಗೆಬಂಗಾರ ಎನ್ನುವುದು.

ಹರಳು ಇಷ್ಟು ದೊಡ್ಡದಾಗಿ ಹೇಗೆ ಬೆಳೆಯಿತು? ಅಡುಗೆಮನೆಯ ಕಲ್ಲುಸಕ್ಕರೆಯನ್ನು ನೆನಪು ಮಾಡಿಕೊಳ್ಳಿ. ಸಕ್ಕರೆಯ ಗಟ್ಟಿ ಪಾಕವನ್ನು ಬೇಗ ತಣಿಸಿದರೆ ಹರಳು ಪುಡಿಪುಡಿ. ಅಲುಗಾಡಿಸದೆ ದಿನಗಟ್ಟಲೆ ನಿಧಾನವಾಗಿ ತಣಿಯಲು ಬಿಟ್ಟರೆ ಹರಳು ದಪ್ಪದಪ್ಪ. ನಮ್ಮ ಬೆಟ್ಟದ ಕಲ್ಲೂ ಒಂದು ಕಾಲಕ್ಕೆ ಕುದಿಯುವ ಪಾಕವೇ ಆಗಿತ್ತು. ನೆಲದ ಮೇಲಲ್ಲ, ಕಿಲೋಮೀಟರುಗಟ್ಟಲೆ ಆಳದಲ್ಲಿ. ಸುತ್ತಲೂ ಬಿಸಿ ನೆಲವೇ ಕಂಬಳಿ ಹೊದಿಸಿದ್ದರಿಂದ ಲಕ್ಷಾಂತರ ವರ್ಷ ಮೆಲ್ಲಮೆಲ್ಲನೆ ತಣಿಯಿತು. ಹರಳುಗಳಿಗೆ ಬೆಳೆಯಲು ಬೇಕಾದಷ್ಟು ಹೊತ್ತು ಸಿಕ್ಕಿತು.

ಇದು ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಈ ಸಂಖ್ಯೆ ಕೇಳಿದರೆ ತಲೆಗೆ ಹೋಗುವುದಿಲ್ಲ, ಅಲ್ಲವೇ? ಒಂದು ಲೆಕ್ಕ ಹಾಕೋಣ. ನಿಮ್ಮ 200 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವರ್ಷಕ್ಕೆ ಒಂದು ಪುಟ. ಕೆಂಪೇಗೌಡರು ಬೆಂಗಳೂರು ಕಟ್ಟಲು ತೊಡಗಿದ್ದು 1537ರಲ್ಲಿ ಎನ್ನುತ್ತಾರೆ. ಅಲ್ಲಿಂದ ಇಲ್ಲಿಯವರೆಗಿನ ವರ್ಷಗಳಿಗೆ ಎರಡೂವರೆ ನೋಟ್‌ಬುಕ್ ಸಾಕು. ರಾಮನಗರದ ಬಂಡೆಯ ವಯಸ್ಸಿಗೆ ಎಷ್ಟು ಬೇಕು ಗೊತ್ತೇ? ಒಂದೂಕಾಲು ಕೋಟಿ! ಒಂದೊಂದರ ದಪ್ಪ ಒಂದು ಸೆಂಟಿಮೀಟರ್ ಎಂದುಕೊಂಡು, ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಒಂದಕ್ಕೊಂದು ಒತ್ತಿ ನಿಲ್ಲಿಸುತ್ತಾ ಹೋಗಿ. ಸಾಲು 125 ಕಿಲೋಮೀಟರ್ ಆಗುತ್ತದೆ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿ ಶ್ರೀರಂಗಪಟ್ಟಣದ ಹತ್ತಿರ ಹೋಗಿ ನಿಲ್ಲುತ್ತದೆ. ಆ ಸಾಲಿನ ಕೊನೆಯ ಎರಡೂವರೆ ಪುಸ್ತಕ ಮಾತ್ರ ಬೆಂಗಳೂರಿನ ಕಥೆ.

ಆಳದಲ್ಲಿದ್ದ ಕಲ್ಲು ಬೆಟ್ಟವಾಗಿ ಮೇಲೆ ನಿಂತದ್ದು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಮೇಲಿದ್ದ ನೆಲವನ್ನು ಮಳೆ ಗಾಳಿ ಬಿಸಿಲು ಕೋಟಿಗಟ್ಟಲೆ ವರ್ಷ ಸವೆಸಿದವು. ಹೊತ್ತ ಭಾರ ಇಳಿದ ಮೇಲೆ ಬಂಡೆ ಸ್ವಲ್ಪ ಹಿಗ್ಗಿ, ಮೈಯ ಮೇಲೆ ಹಾಳೆ ಹಾಳೆಯಾಗಿ ಬಿರಿಯಿತು. ಆ ಹಾಳೆಗಳು ಕಳಚಿಬಿದ್ದದ್ದರಿಂದಲೇ ನಮ್ಮ ಬೆಟ್ಟಗಳ ನೆತ್ತಿ ಇಷ್ಟು ದುಂಡಗೆ, ನುಣ್ಣಗೆ.

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳನ್ನು ‘ಶೋಲೆ’ ಸಿನಿಮಾದಲ್ಲಿ ಇಡೀ ದೇಶ ನೋಡಿತು. ಆದರೆ ಅಲ್ಲಿನ ನಿಜವಾದ ಯಜಮಾನರು ಉದ್ದ ಕೊಕ್ಕಿನ ರಣಹದ್ದುಗಳು. ಅವು ಗೂಡು ಕಟ್ಟುವುದು ಯಾರೂ ಹತ್ತಲಾಗದ ಬಂಡೆಯ ಸಂದಿನಲ್ಲಿ. ಸತ್ತ ದನಕರುಗಳನ್ನು ತಿಂದು ಊರನ್ನು ಚೊಕ್ಕಟವಾಗಿಡುತ್ತಿದ್ದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. ದೇಶದ ತುಂಬ ಇದ್ದ ರಣಹದ್ದುಗಳು ಕೆಲವೇ ವರ್ಷಗಳಲ್ಲಿ ಬಹುತೇಕ ಇಲ್ಲವಾದವು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಎಂದು ಘೋಷಿಸಿದರು. ನಿಮ್ಮ ಅಜ್ಜ ಅಜ್ಜಿಯನ್ನು ಕೇಳಿ: ‘ನೀವು ಚಿಕ್ಕವರಿದ್ದಾಗ ರಣಹದ್ದು ನೋಡಿದ್ದಿರಾ? ಎಲ್ಲಿ? ಎಷ್ಟಿದ್ದವು?’ ಅವರ ಮಾತನ್ನು ತಾರೀಖು ಹಾಕಿ ಬರೆದಿಡಿ. ಇಂಥ ನೆನಪು ವಿಜ್ಞಾನಿಗಳಿಗೂ ಬೇಕಾದ ಸರಕು.

ಇನ್ನು ಹುಳುಗಳ ಕಡೆ ಬರೋಣ. ನನಗೆ ತುಂಬ ಖುಷಿ ಕೊಡುವ ಸಂಗತಿ ಇಲ್ಲಿದೆ. ರಾಮನಗರ ರೇಷ್ಮೆಗೆ ಹೆಸರಾದ ಊರು, ಚನ್ನಪಟ್ಟಣ ಬೊಂಬೆಗೆ. ಒಂದು ನೂಲು, ಇನ್ನೊಂದು ಮರ, ಏನು ಸಂಬಂಧ ಎನ್ನುತ್ತೀರಾ? ಎರಡರ ಹೊಳಪೂ ಪುಟ್ಟ ಹುಳುಗಳ ಮೈಯಿಂದ ಬಂದದ್ದು!

ರೇಷ್ಮೆ ಹುಳು ಸಾಕುವ ಮನೆಗೆ ಹೋದರೆ ಸುಮ್ಮನೆ ನಿಂತು ಕೇಳಿ. ಸಾವಿರಾರು ಬಾಯಿಗಳು ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಚರಚರ ಸದ್ದು ಕೇಳುತ್ತದೆ. ಮೊಟ್ಟೆಯಿಂದ ಬಂದಾಗ ಇರುವೆಯಷ್ಟೂ ಇಲ್ಲದ ಹುಳು ಸುಮಾರು 25 ದಿನಗಳಲ್ಲಿ ತೂಕದಲ್ಲಿ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಚರ್ಮ ಅಷ್ಟು ಹಿಗ್ಗುವುದಿಲ್ಲವಲ್ಲ, ಅದಕ್ಕೇ ನಾಲ್ಕು ಸಲ ಹಳೆ ಚರ್ಮ ಕಳಚುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲುಗದೆ ಕೂರುತ್ತದೆ. ನಮ್ಮ ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ‘ಮೂರನೇ ಜ್ವರಕ್ಕೆ ಕೂತಿವೆ’ ಎಂದರೆ ಮೂರನೇ ಸಲ ಚರ್ಮ ಬಿಡುತ್ತಿವೆ ಎಂದರ್ಥ. ನಾಲ್ಕನೇ ಜ್ವರ ಕಳೆದು ಮನಸಾರೆ ತಿಂದ ಮೇಲೆ ಹುಳು ‘ಹಣ್ಣಾಗುತ್ತದೆ’, ಮೈ ಬೆಳಕಿಗೆ ಹಿಡಿದರೆ ಕಾಣುವಷ್ಟು ತಿಳಿಯಾಗುತ್ತದೆ. ಆಗ ಅದನ್ನು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ.

ಚಂದ್ರಿಕೆಯಲ್ಲಿ ಹುಳು ಎಂಟರ ಆಕಾರದಲ್ಲಿ ತಲೆ ತೂಗುತ್ತಾ ತನ್ನ ಸುತ್ತಲೇ ಗೂಡು ಕಟ್ಟುತ್ತದೆ. ಬಾಯಿಯಿಂದ ಬರುವುದು ಅಂಟು ದ್ರವ. ಹೊರಗೆ ಬಂದ ಕೂಡಲೇ ಗಟ್ಟಿಯಾಗಿ ಎಳೆಯಾಗುತ್ತದೆ. ಎರಡು ಮೂರು ದಿನ ಬಿಡುವಿಲ್ಲದ ಕೆಲಸ. ಒಂದು ಗೂಡಿನ ಎಳೆಯನ್ನು ಬಿಚ್ಚಿದರೆ ಹೆಚ್ಚೂ ಕಡಿಮೆ ಒಂದು ಕಿಲೋಮೀಟರ್, ನಡುವೆ ಎಲ್ಲೂ ತುಂಡಿಲ್ಲ. ದೊಡ್ಡವರ ಜೊತೆಯಲ್ಲಿ ಒಂದು ಗೂಡನ್ನು ಬಿಸಿನೀರಿಗೆ ಹಾಕಿ ನೋಡಿ. ಅಂಟು ಸಡಿಲಾಗಿ ಎಳೆಯ ತುದಿ ಬೆರಳಿಗೆ ಸಿಗುತ್ತದೆ. ಮೆಲ್ಲಗೆ ಎಳೆಯುತ್ತಾ ಅಂಗಳದ ಆ ತುದಿಗೆ ನಡೆಯಿರಿ. ಒಂದು ವಿಷಯ ಮುಚ್ಚಿಡುವುದಿಲ್ಲ: ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಬಂದರೆ ಎಳೆ ತುಂಡಾಗುತ್ತದೆ. ಅದಕ್ಕಾಗಿ ಮೊದಲೇ ಬಿಸಿಗೆ ಹಾಕುತ್ತಾರೆ, ಹುಳು ಸಾಯುತ್ತದೆ. ಹಾಗಾಗಬೇಕೇ ಎಂದು ನಿಮಗೆ ಅನಿಸಿದರೆ ಅದನ್ನೂ ನಕ್ಷೆಯ ಪಕ್ಕದಲ್ಲಿ ಬರೆಯಿರಿ. ಅದು ಒಳ್ಳೆಯ ಪ್ರಶ್ನೆ.

ಚನ್ನಪಟ್ಟಣದ ಗುಂಪಿಗೆ ಸಿಗುವುದು ಇನ್ನೊಂದು ಹುಳು. ಅದನ್ನು ನೋಡಬೇಕೆಂದರೆ ಜಾರ್ಖಂಡ್, ಛತ್ತೀಸ್‌ಗಢದ ಕಡೆ ಹೋಗಬೇಕು. ಅಲ್ಲಿ ಮುತ್ತುಗದಂಥ ಮರಗಳ ರೆಂಬೆಗೆ ಅರಗಿನ ಹುಳುಗಳು ಗುಂಪಾಗಿ ಅಂಟಿಕೊಂಡು ರಸ ಹೀರುತ್ತವೆ, ಮೈ ಕಾಪಾಡಿಕೊಳ್ಳಲು ಅಂಟು ಸುರಿಸುತ್ತವೆ. ಅದು ಗಟ್ಟಿಯಾದರೆ ಅರಗು. ಮಹಾಭಾರತದಲ್ಲಿ ದುರ್ಯೋಧನ ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಕಥೆ ಕೇಳಿದ್ದೀರಲ್ಲ, ಅದೇ ಅರಗು. ಬಿಸಿಗೆ ಬೇಗ ಕರಗುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ.

ಬೊಂಬೆ ಮಾಡುವವರ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ಈ ಗುಣವೇ ಕಣ್ಣಿಗೆ ಬೀಳುತ್ತದೆ. ಚನ್ನಪಟ್ಟಣದವರು ಆಲೆ ಮರ ಎನ್ನುವ ಬಿಳಿಯ ಮೆದು ಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಉಳಿ ತಾಗಿಸಿದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ, ತುಂಡು ದುಂಡಗಾಗುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಅಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ಅರಗು ಕರಗಿ ಮರಕ್ಕೆ ಹತ್ತುತ್ತದೆ! ಯಾಕೆ? ನಿಮ್ಮ ಎರಡು ಅಂಗೈಗಳನ್ನು ಜೋರಾಗಿ ಉಜ್ಜಿ ಕೆನ್ನೆಗಿಟ್ಟುಕೊಳ್ಳಿ, ಉತ್ತರ ಸಿಗುತ್ತದೆ. ಕೊನೆಗೆ ಒಣಗಿದ ಗರಿಯ ತುಂಡನ್ನು ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ ಬಣ್ಣ ಮಾಡುವವರೂ ಇದ್ದಾರೆ. ಎರಡೂ ಸೇರಿದರೆ ಯಾವ ಬಣ್ಣ ಎಂದು ನೀವೇ ಹೇಳಿ.

ಮಾಗಡಿಯ ಗುಂಪು ಸಾವನದುರ್ಗದ ಬೃಹತ್ ಬಂಡೆಯನ್ನು ಹೇಗೂ ಬರೆಯುತ್ತದೆ. ನಾನು ಹೇಳುವುದು ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಆಲದ ಮರಗಳ ಬಗ್ಗೆ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ 385 ಮರಗಳು ಎಂದು ಎಲ್ಲರೂ ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಮೇಷ್ಟ್ರ ಜೊತೆ ಹೋಗಿ, ವಾಹನಗಳ ಕಡೆ ಎಚ್ಚರವಿಟ್ಟು, ಒಂದು ಮರದ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಮಧ್ಯಾಹ್ನ ನೆರಳಿನಲ್ಲೊಮ್ಮೆ, ಬಿಸಿಲಿನಲ್ಲೊಮ್ಮೆ ಉಷ್ಣಮಾಪಕ ಹಿಡಿದು ಎರಡಕ್ಕೂ ಇರುವ ಅಂತರ ಬರೆದುಕೊಳ್ಳಿ.

ಕನಕಪುರದ ಗುಂಪಿನ ಕೈಗೆ ಒಂದು ಉದ್ದನೆಯ ನೀಲಿ ದಾರ ಕೊಡಿ. ಅದು ಅರ್ಕಾವತಿ. ನಂದಿಬೆಟ್ಟದಲ್ಲಿ ಹುಟ್ಟಿದ ಈ ಹೊಳೆ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳನ್ನು ತುಂಬಿ, ರಾಮನಗರ ಪಟ್ಟಣವನ್ನು ದಾಟಿ, ಕನಕಪುರದ ಮೂಲಕ ಇಳಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಮೇಕೆದಾಟು. ಅಗಲವಾಗಿ ಬಂದ ಕಾವೇರಿ ಅಲ್ಲಿ ಬಂಡೆಯ ಇಕ್ಕಟ್ಟಿನಲ್ಲಿ ನುಗ್ಗುತ್ತಾಳೆ. ದಡದ ಬಂಡೆಗಳಲ್ಲಿ ಒರಳಿನ ಆಕಾರದ ಗುಳಿಗಳಿವೆ. ಯಾರೂ ಕೆತ್ತಿದ್ದಲ್ಲ. ಸುಳಿಗೆ ಸಿಕ್ಕ ಕಲ್ಲುಗಳು ಸುತ್ತಿ ಸುತ್ತಿ ಕೊರೆದದ್ದು. ಆ ಸುಳಿ ಈಗಲೂ ಅಷ್ಟೇ ಬಲವಾಗಿದೆ, ಆದ್ದರಿಂದ ನೀರಿಗೆ ಇಳಿಯಬೇಡಿ, ದೂರದಿಂದಲೇ ನೋಡಿ.

ಈಗ ನೀಲಿ ದಾರವನ್ನು ಅಂಗಳದ ನಕ್ಷೆಯ ಮೇಲೆ ಹಾಸಿ. ಮಾಗಡಿಯಿಂದ ರಾಮನಗರಕ್ಕೆ ಕಲ್ಲಿನ ಚೂರುಗಳ ಸಾಲು ಜೋಡಿಸಿ. ಸುಣ್ಣದ ಗಡಿಗೆರೆಗಳನ್ನು ಹೊಳೆಯೂ ಲೆಕ್ಕಿಸಿಲ್ಲ, ಬಂಡೆಯೂ ಲೆಕ್ಕಿಸಿಲ್ಲ ನೋಡಿ! ಗೆರೆ ಎಳೆದವರು ನಾವು. ಈ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು. 2007ರಲ್ಲಿ ರಾಮನಗರ ಜಿಲ್ಲೆಯಾದವು. ಆಮೇಲೆ ಕನಕಪುರದಿಂದ ಹಾರೋಹಳ್ಳಿ ಬೇರೆ ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ರಾಮನಗರಕ್ಕೇ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಲ್ಲಿನ ಕಲ್ಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ಪಟ್ಟಿ ಈ ಜಿಲ್ಲೆಯನ್ನು ದಾಟಿ ಬಡಗಣಕ್ಕೆ ನೂರಾರು ಕಿಲೋಮೀಟರ್ ಹೋಗುತ್ತದೆ.

ನಿಮ್ಮ ನಕ್ಷೆಗೆ ಮೊದಲ ಪ್ರಶ್ನೆಯನ್ನು ನಾನೇ ಕೊಡುತ್ತೇನೆ. ನಿಮ್ಮ ಶಾಲೆಯ ಅಂಗಳದಲ್ಲಿ ಬಿದ್ದ ಮಳೆನೀರು ಯಾವ ಚರಂಡಿ ಹಿಡಿದು, ಯಾವ ಕೆರೆ ಸೇರಿ, ಕೊನೆಗೆ ಅರ್ಕಾವತಿಗೆ ಹೋಗುತ್ತದೆಯೋ, ಕಣ್ವ ಹೊಳೆಯ ಜೊತೆ ಶಿಂಷಾ ನದಿಗೆ ಹೋಗುತ್ತದೆಯೋ? ಎರಡೂ ಸೇರುವುದು ಕಾವೇರಿಯನ್ನೇ. ಆದರೆ ನಿಮ್ಮ ನೀರು ಹಿಡಿಯುವ ದಾರಿ ಯಾವ ಪುಸ್ತಕದಲ್ಲೂ ಬರೆದಿಲ್ಲ. ಮುಂದಿನ ಮಳೆ ನಿಂತ ಕೂಡಲೇ ಮೇಷ್ಟ್ರನ್ನೋ ಟೀಚರನ್ನೋ ಕರೆದುಕೊಂಡು ಅದರ ಹಿಂದೆ ನಡೆಯಿರಿ, ಕಂಡದ್ದನ್ನು ನಕ್ಷೆಯಲ್ಲಿ ಬಿಡಿಸಿ.