ಹಾಲಿಲ್ಲದ ಕಳ್ಳಿ



ದೇಸೂರಿನ ಹೊಲದ ಬದುವಿಗೆ ಬೇಲಿಯೆಂದು ಕಳ್ಳಿ ನೆಡುವವರು ಮೊದಲು ಅದರ ತುಂಡನ್ನು ಗೀರಿ ನೋಡಬೇಕು. ಬಿಳಿಯ ಹಾಲು ಒಸರಿದರೆ ಅದು ಔಡಲದ ಬಳಗದ ಕಳ್ಳಿ. ಆ ಹಾಲು ಕಣ್ಣಿಗೆ ಅಪಾಯಕಾರಿ. ಹಾಲಿಲ್ಲದ ಪಾಪಾಸುಕಳ್ಳಿಯ ಕುಲವೇ ಬೇರೆ. ಅದರಲ್ಲೊಂದಾದ ಒಪುನ್ಷಿಯ ಮೊನಕಾಂಥ ದಕ್ಷಿಣ ಅಮೆರಿಕದ್ದು. ಬುಡ ಬಲಿತು ಮರದಂತೆ ಆಳೆತ್ತರ ಮೀರಿ ಬೆಳೆಯುತ್ತದೆ. ಎಲೆಯ ಕೆಲಸವನ್ನು ಚಪ್ಪಟೆಯಾದ ಹಸಿರು ಕಾಂಡವೇ ಮಾಡುತ್ತದೆ. ಉದುರಿದ ಒಂದು ತುಂಡು ಸಾಕು, ಬೇರೂರಿ ಹೊಸ ಗಿಡವಾಗುತ್ತದೆ. ಹೊಲಕ್ಕೆ ಕಂಟಕವಾಗುವುದೂ ಹೀಗೆಯೇ.

1795ರಲ್ಲಿ ಕೆಂಪು ಬಣ್ಣದ ಆಸೆಯಿಂದ ಬ್ರೆಜಿಲ್‌ನ ಕೊಚಿನೀಲ್ ಕೀಟವನ್ನು ಭಾರತಕ್ಕೆ ತರಲಾಯಿತು. ಬಂದದ್ದು ಬೇರೆಯೇ ಜಾತಿ. ಒಳ್ಳೆಯ ಬಣ್ಣ ದೊರೆಯಲಿಲ್ಲ. ಕಳ್ಳಿಯ ಮೆಳೆಗಳು ಮಾತ್ರ ನಾಶವಾದವು! ಆದರೆ ಅದೇ ಕುಲದ ಡಿಲೇನಿ ಕಳ್ಳಿಗೆ ಆ ಕೀಟ ಬಾಯಿ ಹಾಕಲಿಲ್ಲ. ಅದಕ್ಕಾಗಿ 1926ರಲ್ಲಿ ಮತ್ತೊಂದು ಕೊಚಿನೀಲನ್ನೇ ತರಬೇಕಾಯಿತು.