ಮೊದಲಿಗರೂ ಎರಡನೆಯವರೂ



ಘಟಿಕೋತ್ಸವದ ಭಾಷಣವೆಂದರೆ ಉಪದೇಶವೆಂದು ಭಾವಿಸುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ; ಆದರೆ ಉಪದೇಶದಲ್ಲಿ ಕೇಳುವವರಿಗೆ ಎಷ್ಟು ಆಸಕ್ತಿಯೋ ಹೇಳುವವನಿಗೂ ಅಷ್ಟೇ ಎಂಬುದು ನನ್ನ ಅನುಮಾನವಾದುದರಿಂದ, ಆ ಮಾರ್ಗವನ್ನು ಬಿಟ್ಟು ಚರಿತ್ರೆಯ ಒಂದು ಪ್ರಕರಣವನ್ನು ನಿಮ್ಮೊಡನೆ ಪರಾಮರ್ಶಿಸಲು ಇಚ್ಛಿಸುತ್ತೇನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವರ್ಣ, ಲಿಂಗ, ಮತಗಳ ಕಾರಣದಿಂದ ರಾಜ್ಯಾಧಿಕಾರದ ಹೊಸ್ತಿಲಿನ ಹೊರಗೆ ನಿಂತಿದ್ದವರು ಅದನ್ನು ಹೇಗೆ ದಾಟಿದರು ಎಂಬುದೇ ಆ ಪ್ರಕರಣ. ನಿಮ್ಮಲ್ಲಿ ಕೆಲವರಾದರೂ ನಾಳೆ ಆ ದೇಶಕ್ಕೆ ವ್ಯಾಸಂಗಕ್ಕೋ ಉದ್ಯೋಗಕ್ಕೋ ತೆರಳುವವರು. ಅಲ್ಲಿಯೇ ನೆಲಸಿ ಅಲ್ಲಿನ ಪೌರರಾಗುವವರೂ ಇರಬಹುದು. ವಿಷಯ ಪರದೇಶದ್ದಾದರೂ ಈ ಸಭೆಗೆ ಪರಕೀಯವಲ್ಲ.

ಈ ಕಥೆಯನ್ನು ಮೊದಲಿಗರ ಕಥೆಯಾಗಿ ಹೇಳುವುದೇ ರೂಢಿ: ಮೊದಲ ಕಪ್ಪುವರ್ಣೀಯ ಸೆನೆಟರ್, ಮೊದಲ ಮಹಿಳಾ ಸದಸ್ಯೆ, ಮೊದಲ ಕ್ಯಾಥೊಲಿಕ್ ರಾಷ್ಟ್ರಾಧ್ಯಕ್ಷ, ಹೀಗೆ. ಹಾಗೆ ಹೇಳುವುದರಲ್ಲಿ ಒಂದು ಉಲ್ಲಾಸವಿದೆ, ಸುಳ್ಳೇನೂ ಇಲ್ಲ. ಆದರೂ ಒಂದು ರಾಷ್ಟ್ರದ ಮನಸ್ಸು ಎಷ್ಟು ಬದಲಾಯಿತೆಂಬುದನ್ನು ಅರಿಯಬೇಕಾದರೆ, ಮೊದಲನೆಯವರು ಬಂದ ವರ್ಷಕ್ಕಿಂತ, ಅವರಿಗೂ ಅವರ ಹಿಂದೆ ಬಂದವರಿಗೂ ನಡುವೆ ಕಳೆದ ಕಾಲವನ್ನು ಎಣಿಸುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರಿದೆ.

1870ನೆಯ ಇಸವಿಯ ಫೆಬ್ರವರಿಯಲ್ಲಿ, ಅಂತರ್ಯುದ್ಧವು ಮುಗಿದು ಇನ್ನೂ ಐದು ವರ್ಷ ತುಂಬದಿದ್ದ ಕಾಲದಲ್ಲಿ, ಮಿಸಿಸಿಪ್ಪಿ ಸಂಸ್ಥಾನದ ಶಾಸನಸಭೆಯಿಂದ ಚುನಾಯಿತರಾದ ಹೈರಮ್ ರೆವೆಲ್ಸ್ ಎಂಬ ಕಪ್ಪುವರ್ಣೀಯ ಧರ್ಮೋಪದೇಶಕರು ವಾಷಿಂಗ್‌ಟನ್ನಿನ ಸೆನೆಟ್ಟಿಗೆ ಬಂದರು. ಉತ್ತರ ಕ್ಯಾರೊಲಿನದಲ್ಲಿ ಸ್ವತಂತ್ರ ಕುಟುಂಬದಲ್ಲಿ ಜನಿಸಿ, ಇಲಿನಾಯ್‌ನ ನಾಕ್ಸ್ ಕಾಲೇಜಿನಲ್ಲಿ ಓದಿ, ಯುದ್ಧಕಾಲದಲ್ಲಿ ಕಪ್ಪು ಸೈನಿಕರ ದಳಗಳಿಗೆ ಜನರನ್ನು ಕೂಡಿಸಿಕೊಟ್ಟ ಈ ವಿನೀತ ಪುರುಷರಿಗೆ ಪೀಠವನ್ನು ಕೊಡಲಾಗದೆಂದು ವಿರೋಧಿಗಳು ಹೂಡಿದ ಮುಖ್ಯ ವಾದವು ಗಣಿತದ ವಾದ. ಸೆನೆಟರನಾಗುವವನು ಒಂಬತ್ತು ವರ್ಷಗಳಿಂದ ಪ್ರಜೆಯಾಗಿರಬೇಕೆಂದು ಸಂವಿಧಾನವು ಹೇಳುತ್ತದೆ. ಆಫ್ರಿಕನ್ ಸಂತತಿಯವರು ಪ್ರಜೆಗಳೇ ಅಲ್ಲವೆಂದು 1857ರ ಡ್ರೆಡ್ ಸ್ಕಾಟ್ ತೀರ್ಪು ಸಾರಿದೆ. ಅವರಿಗೆ ಪ್ರಜಾತ್ವವು ಒದಗಿದುದು 1866ರ ಶಾಸನದಿಂದ, ಅಥವಾ 1868ರ ಹದಿನಾಲ್ಕನೆಯ ತಿದ್ದುಪಡಿಯಿಂದ. ಆದುದರಿಂದ ಈ ನೆಲದಲ್ಲೇ ಹುಟ್ಟಿ ನಡುವಯಸ್ಸಿಗೆ ಬಂದ ಈತನು ಎರಡು ವರ್ಷದ, ಹೆಚ್ಚೆಂದರೆ ನಾಲ್ಕು ವರ್ಷದ ಪ್ರಜೆ! ಅನ್ಯಾಯವು ನಿಯಮದ ವಸ್ತ್ರವನ್ನುಟ್ಟು ಬಂದಾಗ ಎಷ್ಟು ಗಂಭೀರವಾಗಿ ಕಾಣಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನವನ್ನು ನಾನು ಕಂಡಿಲ್ಲ. ದಿನಗಟ್ಟಲೆ ವಾಗ್ವಾದ ನಡೆದು, 25ನೆಯ ತಾರೀಖಿನ ಅಪರಾಹ್ಣ 48ಕ್ಕೆ 8 ಮತಗಳಿಂದ ಆ ವಾದವು ಬಿದ್ದುಹೋಯಿತು. ಮ್ಯಾಸಚೂಸೆಟ್ಸಿನ ಸೆನೆಟರ್ ಹೆನ್ರಿ ವಿಲ್ಸನ್ನರು ರೆವೆಲ್ಸರನ್ನು ಪ್ರಮಾಣವಚನಕ್ಕಾಗಿ ಕರೆದೊಯ್ಯುತ್ತಿದ್ದಂತೆ, ಕಿಕ್ಕಿರಿದ ಪ್ರೇಕ್ಷಕರ ಮೊಗಸಾಲೆಯಲ್ಲಿ ಜನರು ಎದ್ದುನಿಂತರು. ರೆವೆಲ್ಸರು ಅಲ್ಲಿ ಕುಳಿತದ್ದು ಒಂದು ವರ್ಷಕ್ಕೆ ತುಸು ಹೆಚ್ಚು ಕಾಲ ಮಾತ್ರ. ಅಷ್ಟರಲ್ಲಿ ರಾಜಧಾನಿಯ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದಿಂದ ಬೇರ್ಪಡಿಸುವುದನ್ನು ವಿರೋಧಿಸಿ ಮಾತನಾಡಿದರು, ತಮ್ಮ ಜನರನ್ನು ದಾಸ್ಯದಲ್ಲಿಡಲು ಹೋರಾಡಿದವರಿಗೆ ಕ್ಷಮಾದಾನವನ್ನೂ ಕೋರಿದರು.

1875ರಲ್ಲಿ ಅದೇ ಮಿಸಿಸಿಪ್ಪಿಯಿಂದ ಮತ್ತೊಬ್ಬ ಕಪ್ಪುವರ್ಣೀಯರಾದ ಬ್ಲ್ಯಾಂಚ್ ಬ್ರೂಸ್ ಸೆನೆಟ್ಟಿಗೆ ಬಂದು ಆರು ವರ್ಷಗಳ ಪೂರ್ಣಾವಧಿಯನ್ನು ಮುಗಿಸಿದರು. ಅಲ್ಲಿಗೆ ಬಾಗಿಲು ತೆರೆಯಿತೆಂದು ಯಾರಾದರೂ ನಂಬಿದ್ದರೆ ಅವರನ್ನು ದೂರುವಂತಿಲ್ಲ. ಆದರೆ ಬ್ರೂಸರು 1881ರಲ್ಲಿ ಹೊರಬಂದ ತರುವಾಯ ಸೆನೆಟ್ಟನ್ನು ಪ್ರವೇಶಿಸಿದ ಮುಂದಿನ ಕಪ್ಪುವರ್ಣೀಯರು ಮ್ಯಾಸಚೂಸೆಟ್ಸಿನ ಎಡ್ವರ್ಡ್ ಬ್ರೂಕ್, ಅದು 1967. ನಡುವಣ 86 ವರ್ಷಗಳು ಆಲಸ್ಯದಿಂದ ಕಳೆದುಹೋದುವೆಂದು ಭಾವಿಸಬೇಡಿ. ಅವನ್ನು ಯೋಜನೆಮಾಡಿ, ಲಿಖಿತ ನಿಯಮಗಳಿಂದ, ಬಹು ಶ್ರದ್ಧೆಯಿಂದ ಕಟ್ಟಲಾಯಿತು. 1890ರಲ್ಲಿ ಮಿಸಿಸಿಪ್ಪಿಯು ತನಗೆ ಹೊಸ ಸಂವಿಧಾನವೊಂದನ್ನು ರಚಿಸಿಕೊಂಡು, ಮತ ನೀಡಬೇಕೆನ್ನುವವನು ತಲೆಗಂದಾಯವನ್ನು ತೆತ್ತಿರಬೇಕೆಂದೂ, ಸಂವಿಧಾನದ ಯಾವುದೇ ಭಾಗವನ್ನು ಓದಬೇಕು ಅಥವಾ ಓದಿಸಿ ಕೇಳಿ ಅರ್ಥ ಹೇಳಬೇಕೆಂದೂ ವಿಧಿಸಿತು. ಅರ್ಥ ಸರಿಯೋ ತಪ್ಪೋ ಎಂಬುದನ್ನು ನಿರ್ಣಯಿಸುವವನು ಬಿಳಿಯ ಗುಮಾಸ್ತ. ಬಣ್ಣದ ಮಾತು ಆ ವಿಧಿಯಲ್ಲಿ ಎಲ್ಲಿಯೂ ಇರಲಿಲ್ಲ. ಎಂಟು ವರ್ಷಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಿಕೊಂಡಿತು, ನೆರೆಯ ಸಂಸ್ಥಾನಗಳು ಇದನ್ನು ಅನುಕರಿಸಿದುವು. 1901ರಲ್ಲಿ ಉತ್ತರ ಕ್ಯಾರೊಲಿನದ ಜಾರ್ಜ್ ವೈಟ್ ಪ್ರತಿನಿಧಿಸಭೆಯಿಂದ ನಿರ್ಗಮಿಸಿದ ಮೇಲೆ 28 ವರ್ಷ ಕಾಂಗ್ರೆಸ್ಸಿನ ಎರಡು ಸಭೆಗಳಲ್ಲಿಯೂ ಒಬ್ಬ ಕಪ್ಪುವರ್ಣೀಯನೂ ಇರಲಿಲ್ಲ; 1929ರಲ್ಲಿ ಆಸ್ಕರ್ ಡಿ ಪ್ರೀಸ್ಟ್ ಬಂದುದು ಉತ್ತರದ ಷಿಕಾಗೊ ನಗರದಿಂದ. ದಕ್ಷಿಣವು ತನ್ನ ಮುಂದಿನ ಕಪ್ಪು ಪ್ರತಿನಿಧಿಗಳಾದ ಬಾರ್ಬರಾ ಜೋರ್ಡನ್ ಮತ್ತು ಆಂಡ್ರ್ಯೂ ಯಂಗರನ್ನು ಕಳುಹಿಸುವುದಕ್ಕೆ 1965ರ ಮತಾಧಿಕಾರ ಶಾಸನವು ಬರಬೇಕಾಯಿತು. ಅವರು ಪೀಠವೇರಿದುದು 1973ರಲ್ಲಿ. ಮಿಸಿಸಿಪ್ಪಿಯೋ, ಬ್ರೂಸರ ತರುವಾಯ ಇಂದಿನವರೆಗೂ ಮತ್ತೊಬ್ಬ ಕಪ್ಪುವರ್ಣೀಯನನ್ನು ಸೆನೆಟ್ಟಿಗೆ ಕಳುಹಿಸಿಲ್ಲ.

ನಮಗೆ ಇನ್ನೂ ಸಮೀಪದ ಪ್ರಕರಣವೊಂದಿದೆ. ಪಂಜಾಬಿನ ಛಜ್ಜಲ್‌ವಾಡಿ ಎಂಬ ಗ್ರಾಮದಲ್ಲಿ 1899ರಲ್ಲಿ ಜನಿಸಿದ ದಲೀಪ್ ಸಿಂಗ್ ಸೌಂದ್ 1920ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ ಬರ್ಕ್‌ಲಿಯಲ್ಲಿ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಆದರೆ 1923ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ಶಾಸನದ ಅರ್ಥದಲ್ಲಿ ಶ್ವೇತವರ್ಣೀಯರಲ್ಲವಾದುದರಿಂದ ಪೌರತ್ವಕ್ಕೆ ಅನರ್ಹರೆಂದು ತೀರ್ಮಾನಿಸಿದ್ದಿತು. ಪೌರತ್ವಕ್ಕೆ ಅನರ್ಹನಾದವನಿಗೆ ಕ್ಯಾಲಿಫೋರ್ನಿಯದಲ್ಲಿ ಭೂಮಿಯನ್ನು ಕೊಳ್ಳುವ ಹಕ್ಕೂ ಇರಲಿಲ್ಲ. ಗಣಿತದ ಪಂಡಿತರು ಇಂಪೀರಿಯಲ್ ಕಣಿವೆಯ ಬಿಸಿಲಿನಲ್ಲಿ ಬೇಸಾಯಕ್ಕೆ ನಿಂತರು. ರಾತ್ರಿ ಸಭೆಗಳಲ್ಲಿ ಭಾರತದ ಸ್ವಾತಂತ್ರ್ಯವನ್ನು ಕುರಿತು ಉಪನ್ಯಾಸ ಮಾಡಿದರು. ಮಿತ್ರರೊಡನೆ ಸಂಘ ಕಟ್ಟಿ ಭಾರತೀಯರ ಪೌರತ್ವಕ್ಕಾಗಿ ಹೋರಾಡಿದರು. 1946ರಲ್ಲಿ ಶಾಸನವಾಯಿತು, 1949ರ ಡಿಸೆಂಬರಿನಲ್ಲಿ ಸೌಂದ್ ಪೌರರಾದರು. ಮರುವರ್ಷ ವೆಸ್ಟ್‌ಮೊರ್‌ಲ್ಯಾಂಡ್ ಎಂಬ ಚಿಕ್ಕ ಊರಿನ ನ್ಯಾಯಾಧೀಶ ಸ್ಥಾನಕ್ಕೆ ನಿಂತು ಗೆದ್ದರು. ಚುನಾವಣೆಯ ದಿನಕ್ಕೆ ಪೌರತ್ವವು ಒಂದು ವರ್ಷ ಹಳೆಯದಾಗಿರಲಿಲ್ಲವೆಂದು ಆ ಸ್ಥಾನವನ್ನು ಅವರಿಗೆ ಕೊಡಲಿಲ್ಲ. ರೆವೆಲ್ಸರ ವಿರುದ್ಧ ಹೂಡಿದ ಗಣಿತವೇ 80 ವರ್ಷಗಳ ಮೇಲೆ ಗಣಿತಜ್ಞರ ವಿರುದ್ಧ ಬಂದಿತ್ತು! ಅವರು ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. 1952ರಲ್ಲಿ ಅದೇ ಸ್ಥಾನಕ್ಕೆ ಮತ್ತೆ ನಿಂತರು. ನೀವು ಗೆದ್ದರೆ ನ್ಯಾಯಾಲಯಕ್ಕೆ ಬರುವವರಿಗೆ ರುಮಾಲುಗಳನ್ನು ನೀವೇ ಒದಗಿಸುವಿರೋ, ನಾವೇ ಕೊಂಡು ತರಬೇಕೋ ಎಂದು ಊರಿನವನೊಬ್ಬನು ಹಾಸ್ಯಮಾಡಿದಾಗ, ತಲೆಯ ಮೇಲೆ ಏನಿದೆಯೆಂಬುದು ತಮಗೆ ಬೇಡ, ಒಳಗೇನಿದೆಯೆಂಬುದಷ್ಟೇ ಸಾಕೆಂದು ಉತ್ತರಿಸಿದರಂತೆ. ಅವರು ಗೆದ್ದರು.

1956ರಲ್ಲಿ ಅವರು ಕಾಂಗ್ರೆಸ್ಸಿಗೆ ಸ್ಪರ್ಧಿಸಿದಾಗ ಎದುರಾಳಿ ಯಾರು ಬಲ್ಲಿರೋ? ಶಬ್ದವೇಗವನ್ನು ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆ ಜಾಕ್ವೆಲಿನ್ ಕಾಕ್ರನ್. ಕ್ಷೇತ್ರವೇನೋ ಒಂದೇ, ಅಡ್ಡಗೋಡೆಗಳನ್ನು ಒಡೆದವರು ಇಬ್ಬರು. ಮನೆಮನೆಗೆ ಹೋದ ಸೌಂದ್ ಗೆದ್ದು, ಕಾಂಗ್ರೆಸ್ಸಿನಲ್ಲಿ ಮತ ನೀಡುವ ಹಕ್ಕುಳ್ಳ ಸದಸ್ಯರಾದ ಏಷ್ಯ ಮೂಲದ ಪ್ರಥಮ ವ್ಯಕ್ತಿಯಾದರು. ಅವರ ಅವಧಿ 1963ರಲ್ಲಿ ಮುಗಿಯಿತು. ಮತ್ತೊಬ್ಬ ಭಾರತೀಯ ಮೂಲದ ಸದಸ್ಯರು, ಲೂಯಿಸಿಯಾನದ ಬಾಬಿ ಜಿಂದಾಲ್, ಬಂದುದು 2005ರಲ್ಲಿ. ಈ 42 ವರ್ಷಗಳ ಕಾರಣವು ಬೇರೆ: 1946ರ ಶಾಸನವು ಭಾರತಕ್ಕೆ ವರ್ಷಕ್ಕೆ ಸುಮಾರು 100 ವಲಸಿಗರ ಮಿತಿಯನ್ನು ಇಟ್ಟಿದ್ದಿತು, ಆ ಕಟ್ಟು ಸಡಿಲಿದುದು 1965ರ ವಲಸೆ ಶಾಸನದಿಂದ. ಮನುಷ್ಯರೇ ಇಲ್ಲದಲ್ಲಿ ಎರಡನೆಯವನು ಬರುವುದೆಲ್ಲಿಂದ?

ಸ್ತ್ರೀಯರ ವಿಷಯದಲ್ಲಿ ಮೊದಲನೆಯ ಸ್ಥಾನವೆಂಬುದು ಎಷ್ಟು ಮೋಸಗೊಳಿಸಬಲ್ಲುದೆಂಬುದು ಇನ್ನೂ ಸ್ಪಷ್ಟವಾಗಿದೆ. ಮೊಂಟಾನದ ಜೆನೆಟ್ ರ‍್ಯಾಂಕಿನ್ 1916ರಲ್ಲಿ, ದೇಶದ ಬಹುಪಾಲು ಸ್ತ್ರೀಯರಿಗೆ ಮತವೇ ಇಲ್ಲದಿದ್ದಾಗ, ಪ್ರತಿನಿಧಿಸಭೆಗೆ ಆಯ್ಕೆಯಾದರು; ಎರಡು ಮಹಾಯುದ್ಧಗಳ ಪ್ರವೇಶವನ್ನೂ ವಿರೋಧಿಸಿ ಮತವಿತ್ತು, 1941ರಲ್ಲಿ ಇಡೀ ಕಾಂಗ್ರೆಸ್ಸಿನಲ್ಲಿ ಏಕಾಕಿಯಾಗಿ ನಿಂತರು. ಸೆನೆಟ್ಟಿನ ಮೊದಲ ಮಹಿಳೆಯಾದರೋ ಜಾರ್ಜಿಯದ ರೆಬೆಕಾ ಫೆಲ್ಟನ್. 1922ರಲ್ಲಿ, 87ನೆಯ ವಯಸ್ಸಿನಲ್ಲಿ, ಒಂದು ದಿನದ ಮಟ್ಟಿಗೆ ಅವರು ಆ ಪೀಠದಲ್ಲಿ ಕುಳಿತರು. ಅವರನ್ನು ನೇಮಿಸಿದ ರಾಜ್ಯಪಾಲನು ಸ್ತ್ರೀಮತಾಧಿಕಾರವನ್ನು ವಿರೋಧಿಸಿದ್ದವನು; ಹೊಸದಾಗಿ ಮತ ಪಡೆದ ಸ್ತ್ರೀಯರನ್ನು ಒಲಿಸಿಕೊಳ್ಳುವುದು ಅವನ ಉದ್ದೇಶ. ಫೆಲ್ಟನ್ನರು ಹಿಂದೆ ದಾಸರನ್ನು ಇಟ್ಟುಕೊಂಡಿದ್ದವರು, ಕಪ್ಪುಜನರನ್ನು ಗುಂಪುಗೂಡಿ ಕೊಲ್ಲುವುದನ್ನು ಬಹಿರಂಗವಾಗಿ ಸಮರ್ಥಿಸಿದವರು. ಪ್ರಥಮರೆಲ್ಲರೂ ಪೂಜ್ಯರೆಂದು ಪಟ್ಟಿಮಾಡುವವರು ಈ ಹೆಸರಿನ ಮುಂದೆ ಕ್ಷಣಕಾಲ ನಿಲ್ಲಬೇಕು.

ಷರ್ಲಿ ಚಿಜಮ್ಮರಂಥವರೂ ಇದ್ದರು. 1968ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪುಮಹಿಳೆಯಾದ ಇವರನ್ನು, ಒಂದು ಮರವೂ ದುರ್ಲಭವಾದ ನಗರಕ್ಷೇತ್ರದ ಈ ಪ್ರತಿನಿಧಿಯನ್ನು, ಕೃಷಿಸಮಿತಿಗೆ ಹಾಕಿದರು; ಹೊಸಬರು ಬಾಯಿ ಮುಚ್ಚಿಕೊಂಡಿರಬೇಕೆಂಬ ಸಂಪ್ರದಾಯವನ್ನು ಲೆಕ್ಕಿಸದೆ ಅವರು ಪ್ರತಿಭಟಿಸಿ ಬೇರೆ ಸಮಿತಿಯನ್ನು ಪಡೆದರು. 1972ರಲ್ಲಿ ಅವರು ರಾಷ್ಟ್ರಾಧ್ಯಕ್ಷ ಪದವಿಯ ಉಮೇದುವಾರಿಕೆಯನ್ನು ಕೋರಿ ಸೋತುದನ್ನೇ ಎಲ್ಲರೂ ನೆನೆಯುತ್ತಾರೆ. ಆ ವರ್ಷವೇ, ವರ್ಣಭೇದದ ಕಟ್ಟಾ ಪ್ರತಿಪಾದಕನೂ ಸ್ಪರ್ಧೆಯಲ್ಲಿ ತಮ್ಮ ಎದುರಾಳಿಯೂ ಆಗಿದ್ದ ಜಾರ್ಜ್ ವಾಲೆಸ್ ಗುಂಡೇಟು ತಿಂದು ಮಲಗಿದ್ದಾಗ, ತಮ್ಮ ಬೆಂಬಲಿಗರ ಕೋಪಕ್ಕೆ ಪಾತ್ರರಾಗಿಯೂ ಆಸ್ಪತ್ರೆಗೆ ಹೋಗಿ ನೋಡಿಬಂದರು. ಎರಡು ವರ್ಷದ ಮೇಲೆ ಮನೆಗೆಲಸದವರಿಗೆ ಕನಿಷ್ಠವೇತನವನ್ನು ವಿಸ್ತರಿಸುವ ಮಸೂದೆ ಬಂದಾಗ, ದಕ್ಷಿಣದ ಸದಸ್ಯರ ಮತಗಳನ್ನು ದೊರಕಿಸಲು ವಾಲೆಸ್ ನೆರವಾದನು. ಪರರ ಮನೆಯ ಪಾತ್ರೆ ತೊಳೆಯುತ್ತಿದ್ದ ಲಕ್ಷಾಂತರ ಹೆಂಗಸರಿಗೆ ಅದರಿಂದ ಬಂದ ಕಾಸು, ನನ್ನ ದೃಷ್ಟಿಯಲ್ಲಿ, ಪ್ರಥಮಳೆಂಬ ಬಿರುದಿಗಿಂತ ದೊಡ್ಡದು.

ಮತಧರ್ಮದ ವಿಷಯವನ್ನು ಬೇಗನೆ ಮುಗಿಸುತ್ತೇನೆ. ಒಕ್ಕೂಟದ ಯಾವ ಅಧಿಕಾರಸ್ಥಾನಕ್ಕೂ ಧಾರ್ಮಿಕ ಪರೀಕ್ಷೆಯನ್ನು ಒಡ್ಡಬಾರದೆಂದು 1787ರ ಸಂವಿಧಾನದ ಆರನೆಯ ಅನುಚ್ಛೇದವೇ ಹೇಳಿದ್ದರೂ, ಮೇರಿಲ್ಯಾಂಡಿನಲ್ಲಿ 1826ರವರೆಗೆ ಯೆಹೂದ್ಯರು ಸಾರ್ವಜನಿಕ ಹುದ್ದೆಯನ್ನು ವಹಿಸುವಂತಿರಲಿಲ್ಲ. ಅಲ್ಲಿನ ನಿರೀಶ್ವರವಾದಿಯೊಬ್ಬನು ನೋಟರಿಯಾಗುವುದಕ್ಕೆ 1961ರ ತೀರ್ಪು ಬೇಕಾಯಿತು. 1928ರ ರಾಷ್ಟ್ರಾಧ್ಯಕ್ಷ ಚುನಾವಣೆಯಲ್ಲಿ ಕ್ಯಾಥೊಲಿಕ್ಕರಾದ ಆಲ್ ಸ್ಮಿತ್ ಸೋತರು, 1960ರಲ್ಲಿ ಕೆನೆಡಿ ಗೆದ್ದರು. ಎರಡನೆಯ ಕ್ಯಾಥೊಲಿಕ್ ಅಧ್ಯಕ್ಷರಾದ ಬೈಡನ್ 2021ರಲ್ಲಿ ಬಂದರು. ನನ್ನ ಅಳತೆಗೋಲು ಇಲ್ಲಿ ಅಷ್ಟಾಗಿ ನಿಲ್ಲದೆಂಬುದನ್ನು ಒಪ್ಪುತ್ತೇನೆ, ಏಕೆಂದರೆ ನಡುವೆ 2004ರಲ್ಲಿ ಕ್ಯಾಥೊಲಿಕ್ಕರೇ ಆದ ಜಾನ್ ಕೆರಿ ಸ್ಪರ್ಧಿಸಿದಾಗ ಅವರ ಮತವು ಅಡ್ಡಿಯೆಂದು ಹೇಳಿದವರು ವಿರಳ. 2007ರಲ್ಲಿ ಮಿನೆಸೋಟದ ಕೀತ್ ಎಲಿಸನ್, ಕಾಂಗ್ರೆಸ್ಸಿನ ಮೊದಲ ಮುಸ್ಲಿಮರು, ಕುರಾನಿನ ಮೇಲೆ ಕೈಯಿಟ್ಟು ಪ್ರಮಾಣ ಮಾಡುವರೆಂದಾಗ ದೊಡ್ಡ ಗದ್ದಲವೆದ್ದಿತು. ಅವರು ತಂದುದು ಥಾಮಸ್ ಜೆಫರ್ಸನ್ನರ ಸ್ವಂತ ಪುಸ್ತಕಭಂಡಾರದಲ್ಲಿದ್ದ ಪ್ರತಿ. ಪ್ರತಿನಿಧಿಸಭೆಯ ನಿಜವಾದ ಪ್ರಮಾಣವಚನವು ಸಾಮೂಹಿಕ, ಅದಕ್ಕೆ ಯಾವ ಗ್ರಂಥವೂ ಬೇಕಿಲ್ಲ. ಗ್ರಂಥ ಹಿಡಿಯುವುದು ಆಮೇಲೆ ತೆಗೆಸುವ ಛಾಯಾಚಿತ್ರಕ್ಕೆ. ಎರಡನೆಯ ಮುಸ್ಲಿಂ ಸದಸ್ಯರು ಮರುವರ್ಷವೇ ಬಂದರು. ಸಭೆಯಲ್ಲಿ ತಲೆಗೆ ಏನನ್ನೂ ಧರಿಸಬಾರದೆಂಬ 1837ರ ನಿಯಮವನ್ನು, ತಲೆವಸ್ತ್ರ ಧರಿಸುವ ಮುಸ್ಲಿಂ ಸದಸ್ಯೆ ಇಲ್ಹಾನ್ ಒಮರ್ ಬಂದಾಗ, 2019ರಲ್ಲಿ, ಸಡಿಲಿಸಿದರು.

ಕೊನೆಯದಾಗಿ, ನಮ್ಮ ನಾಡಿಗೆ ಸೇರಿದ ಮಾತು. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2022ರಲ್ಲಿ ಮಿಷಿಗನ್ ಸಂಸ್ಥಾನದ ಡೆಟ್ರಾಯ್ಟ್ ನಗರದಿಂದ ಕಾಂಗ್ರೆಸ್ಸಿಗೆ ಚುನಾಯಿತರಾದರು. ನಮಗೆ ಇದು ಹೆಮ್ಮೆ. ಆದರೆ ಕಪ್ಪುಜನರು ಬಹುಸಂಖ್ಯಾತರಾಗಿರುವ ಆ ನಗರವು, 1955ರಲ್ಲಿ ಚಾರ್ಲ್ಸ್ ಡಿಗ್ಸ್ ಪೀಠವೇರಿದಂದಿನಿಂದ ಕಾಂಗ್ರೆಸ್ಸಿನಲ್ಲಿ ಕಪ್ಪು ಸದಸ್ಯರನ್ನು ಉಳಿಸಿಕೊಂಡು ಬಂದಿದ್ದುದು ಆ ಚುನಾವಣೆಯಿಂದ ತಪ್ಪಿಹೋಯಿತೆಂದು ಅಲ್ಲಿನ ಅನೇಕರು ಮರುಗಿದರು. ಠಾಣೇದಾರರದು ತಪ್ಪೆಂದು ನಾನು ಹೇಳುವುದಿಲ್ಲ, ಅವರು ಮತದಾರರನ್ನು ಕೇಳಿ ಗೆದ್ದವರು. ಮರುಗಿದವರದು ಅಸೂಯೆಯೆಂದೂ ಹೇಳಲಾರೆ.

ಅಲ್ಲಿಗೆ ಹೋಗಿ ಪೌರರಾಗುವವರಲ್ಲಿ ನನ್ನದೊಂದು ಬಿನ್ನಹ. ಆ ದೇಶದಲ್ಲಿ ಮತದಾರನ ಹೆಸರು ಅನೇಕ ಕಡೆಗಳಲ್ಲಿ ತಾನಾಗಿ ಪಟ್ಟಿಗೆ ಸೇರುವುದಿಲ್ಲ, ಹೋಗಿ ಬರೆಯಿಸಬೇಕು. ಪೌರತ್ವ ದೊರೆತ ವಾರದಲ್ಲಿಯೇ ಬರೆಯಿಸಿರಿ. ನೆರೆಯ ಕಪ್ಪುವರ್ಣೀಯನನ್ನು ಆ ಪಟ್ಟಿಯಿಂದ ಬಿಡಿಸುವ ನಿಯಮವೊಂದು ನಿಮ್ಮ ಸಂಸ್ಥಾನದಲ್ಲಿ ಬಂದರೆ, ಅದು ನಿಮ್ಮನ್ನು ಮುಟ್ಟದಿದ್ದರೂ ಸಭೆಯಲ್ಲಿ ಎದ್ದುನಿಂತು ವಿರೋಧಿಸಿರಿ. ಅಧಿಕಾರದ ಆಸೆಯುಳ್ಳವರು ಶಾಲಾಮಂಡಳಿಯಿಂದಲೋ ಪುರಸಭೆಯಿಂದಲೋ ಪ್ರಾರಂಭಿಸಿರಿ. ಸೌಂದರು ಪ್ರಾರಂಭಿಸಿದುದು ಒಂದು ಹಳ್ಳಿಯ ನ್ಯಾಯಸ್ಥಾನದಿಂದ.