ಬಾಯ್ತಪ್ಪಿ ಬೇಡಿದ ವರ



ಮನೆಯಲ್ಲಿ ಮಕ್ಕಳು ಜಗಳಕ್ಕೆ ನಿಂತಾಗ ಯಾರಾದರೊಬ್ಬರ ಬಾಯಿಂದ ಕೆಟ್ಟ ಮಾತು ಬಂದರೆ ಹಿರಿಯರು ಕೂಡಲೇ ಗದರುತ್ತಾರೆ: ಹಾಗನ್ನಬೇಡ, ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಅಸ್ತು ಅಂದುಬಿಟ್ಟಾರು! ಸಿಟ್ಟಿನ ಭರದಲ್ಲಿ ಆಡಿದ ಮಾತು ನಿಜವಾಗಿಬಿಟ್ಟರೆ ಏನು ಗತಿ ಎಂಬ ಭಯ ಅದು. ಅಂಥದೊಂದು ಅಸ್ತು ದೇವತೆ ಮಕ್ಕಳ ಪಕ್ಕದಲ್ಲೇ, ಮರಳಗುಂಡಿಯೊಳಗೆ, ಮೀಸೆ ಕುಣಿಸುತ್ತಾ ಕೂತಿದ್ದರೆ? ಇಂಗ್ಲೆಂಡಿನ ಲೇಖಕಿ ಈಡಿತ್ ನೆಸ್ಬಿಟ್ ಇಂಥದೊಂದು ಕಲ್ಪನೆಯಿಂದ ಇಡೀ ಕಾದಂಬರಿ ಕಟ್ಟಿದರು. ಅದರ ಹೆಸರು ‘ಫೈವ್ ಚಿಲ್ಡ್ರನ್ ಆ್ಯಂಡ್ ಇಟ್’. ಐದು ಮಕ್ಕಳು ಮತ್ತು ‘ಅದು’. ಮಕ್ಕಳ ಕಥೆಗಳನ್ನು ಕುರಿತ ನಮ್ಮ ಮಾಲಿಕೆಯಲ್ಲಿ ಇವತ್ತಿನ ಮಾತು ಈ ಪುಸ್ತಕದ ಬಗ್ಗೆ.

1902ರಲ್ಲಿ ಇದು ಮೊದಲು ‘ಸ್ಟ್ರ್ಯಾಂಡ್’ ಎಂಬ ಮಾಸಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಷರ್ಲಾಕ್ ಹೋಮ್ಸ್ ಕಥೆಗಳು ಬರುತ್ತಿದ್ದ ಪತ್ರಿಕೆಯೇ ಅದು. ಎಚ್. ಆರ್. ಮಿಲರ್ ಎಂಬ ಕಲಾವಿದ ಚಿತ್ರ ಬರೆದರು. ಅದೇ ವರ್ಷ ಪುಸ್ತಕವೂ ಆಯಿತು.

ಕಥೆ ಸರಳ. ಸಿರಿಲ್, ಆಂಥಿಯಾ, ರಾಬರ್ಟ್, ಜೇನ್ ಎಂಬ ನಾಲ್ವರು ಮಕ್ಕಳು. ಜೊತೆಗೆ ಕೈಕೂಸು ತಮ್ಮನೊಬ್ಬ. ಅವನನ್ನು ಎಲ್ಲರೂ ಕರೆಯುವುದು ‘ಲ್ಯಾಂಬ್’ ಎಂದು, ಅಂದರೆ ಕುರಿಮರಿ. ಅವನು ಮೊದಲು ಆಡಿದ ಮಾತು ‘ಬಾ’ ಎಂಬುದಾಗಿತ್ತಂತೆ. ಬೇಸಿಗೆ ಕಳೆಯಲು ಇವರೆಲ್ಲ ಲಂಡನ್ನಿನಿಂದ ಕೆಂಟ್ ಪ್ರಾಂತದ ಹಳ್ಳಿಮನೆಗೆ ಬಂದಿದ್ದಾರೆ. ಅಪ್ಪ ಕೆಲಸದ ಮೇಲೆ ಹೋದರು, ಅಜ್ಜಿಗೆ ಹುಷಾರಿಲ್ಲವೆಂದು ಅಮ್ಮನೂ ಹೊರಟರು. ಉಳಿದವರು ಕೆಲಸದವರು ಮಾತ್ರ. ಹತ್ತಿರದ ಜಲ್ಲಿಗುಂಡಿಯಲ್ಲಿ ಮಕ್ಕಳು ಮರಳು ಅಗೆಯುವಾಗ ‘ಅದು’ ಎದ್ದು ಬರುತ್ತದೆ. ಬಸವನಹುಳುವಿಗೆ ಇರುವಂತೆ ಉದ್ದ ಕೊಂಬಿನ ತುದಿಯಲ್ಲಿ ಕಣ್ಣು, ಬಾವಲಿಯ ಕಿವಿ, ಮಂಗನ ಕೈಕಾಲು, ಜೇಡದಂಥ ದುಂಡು ಹೊಟ್ಟೆ, ಮೈತುಂಬ ಮೆತ್ತನೆಯ ರೋಮ. ಹೆಸರು ಸ್ಯಾಮಿಯಾಡ್. ಸಾವಿರಾರು ವರ್ಷ ವಯಸ್ಸಿನ ಮರಳ ಯಕ್ಷ. ಸ್ವಭಾವ ಸಿಡುಕು. ನೀರೆಂದರೆ ಪ್ರಾಣಭಯ. ಕೇಳಿದ್ದನ್ನು ಕೊಡುತ್ತದೆ, ಆದರೆ ಗೊಣಗದೆ ಕೊಡುವುದಿಲ್ಲ. ವರ ಕೊಡುವಾಗ ಉಸಿರು ಬಿಗಿಹಿಡಿದು ಮೈಯೆಲ್ಲ ಉಬ್ಬಿಸಿಕೊಳ್ಳುತ್ತದೆ.

ಇಲ್ಲಿ ಎರಡು ಷರತ್ತುಗಳಿವೆ. ಮೊದಲನೆಯದು, ದಿನಕ್ಕೊಂದೇ ವರ, ಅದೂ ಎಲ್ಲರಿಗೂ ಸೇರಿ. ಎರಡನೆಯದು, ಸೂರ್ಯ ಮುಳುಗಿದ ಕ್ಷಣಕ್ಕೆ ವರ ಮಾಯ. ಹಳೆಯ ಕಾಲದಲ್ಲಿ ಜನ ಊಟಕ್ಕೆಂದು ದೈತ್ಯ ಪ್ರಾಣಿಗಳನ್ನು ಬೇಡುತ್ತಿದ್ದರಂತೆ, ತಿಂದು ಮಿಕ್ಕಿದ್ದು ಸಂಜೆಗೆ ಕಲ್ಲಾಗುತ್ತಿತ್ತಂತೆ. ನೆಲದಡಿ ಸಿಗುವ ಪಳೆಯುಳಿಕೆಗಳಿಗೆ ನೆಸ್ಬಿಟ್ ಕೊಟ್ಟ ತುಂಟ ವಿವರಣೆ ಇದು.

ನಮ್ಮ ಪುರಾಣಗಳಲ್ಲಿ ವರ ಬೇಕೆಂದರೆ ತಪಸ್ಸು ಮಾಡಬೇಕು, ಒಂಟಿಕಾಲಲ್ಲಿ ನಿಲ್ಲಬೇಕು, ಹುತ್ತ ಬೆಳೆಯುವತನಕ ಕೂರಬೇಕು. ಇಲ್ಲಿ ಮರಳು ಅಗೆದರೆ ಸಾಕು. ಸುಲಭಕ್ಕೆ ಸಿಕ್ಕ ವರವಾದ್ದರಿಂದ ಯೋಚಿಸದೆ ಖರ್ಚಾಗುತ್ತದೆ. ಮಕ್ಕಳು ಗುಂಡಿ ತುಂಬ ಚಿನ್ನ ಕೇಳುತ್ತಾರೆ. ಬಂದದ್ದು ಚಲಾವಣೆ ತಪ್ಪಿದ ಹಳೆಯ ನಾಣ್ಯ, ಅಂಗಡಿಯವರು ಮುಟ್ಟುವುದಿಲ್ಲ, ಪ್ರಕರಣ ಪೊಲೀಸರವರೆಗೆ ಹೋಗುತ್ತದೆ. ರೆಕ್ಕೆ ಕೇಳುತ್ತಾರೆ, ಹಾರಿ ಚರ್ಚಿನ ಗೋಪುರದ ಮೇಲೆ ಕೂತು ನಿದ್ದೆ ಹೋಗುತ್ತಾರೆ, ಎದ್ದಾಗ ಕತ್ತಲು, ರೆಕ್ಕೆ ಇಲ್ಲ, ಇಳಿಯುವ ದಾರಿಯೂ ಇಲ್ಲ. ಇವೆಲ್ಲ ನಗಿಸುವ ಪ್ರಸಂಗಗಳು.

ಆದರೆ ಈ ಪುಸ್ತಕದ ಜೀವ ಇರುವುದು ಒಡಹುಟ್ಟಿದವರ ನಡುವಿನ ಎಳೆದಾಟದಲ್ಲಿ. ದಿನಕ್ಕೊಂದೇ ವರ, ಕೇಳುವ ಬಾಯಿ ನಾಲ್ಕು. ಯಾರ ಆಸೆ ಮೊದಲು? ಯಾರು ಒಪ್ಪಬೇಕು? ಒಬ್ಬರು ದುಡುಕಿದರೆ ಎಲ್ಲರ ದಿನ ಹಾಳು. ನೆಸ್ಬಿಟ್ ಮತ್ತು ಅವರ ಗಂಡ ಹ್ಯೂಬರ್ಟ್ ಬ್ಲಾಂಡ್ 1884ರಲ್ಲಿ ಫೇಬಿಯನ್ ಸೊಸೈಟಿಯನ್ನು ಕಟ್ಟಿದವರಲ್ಲಿ ಇದ್ದರು. ಸಂಪತ್ತನ್ನು ಸಮಾಜ ಹೇಗೆ ಹಂಚಿಕೊಳ್ಳಬೇಕು ಎಂದು ಹಗಲಿರುಳು ಚರ್ಚಿಸಿದ ಸಮಾಜವಾದಿಗಳ ಗುಂಪು ಅದು. ಆ ಪ್ರಶ್ನೆಯನ್ನೇ ಆಕೆ ಮಕ್ಕಳ ಕೋಣೆಗೆ ತಂದಿಟ್ಟಂತೆ ನನಗೆ ಕಾಣುತ್ತದೆ. ಇರುವುದು ಒಂದೇ ವರ, ಅದು ಎಲ್ಲರ ಆಸ್ತಿ. ಈಗ ಹಂಚಿಕೊಳ್ಳಿ ನೋಡೋಣ.

ಈ ಎಳೆದಾಟದ ನಡುವೆ ಸಿಕ್ಕಿಕೊಂಡವನು ಕಡೆಯ ಕೂಸು ಲ್ಯಾಂಬ್. ದೊಡ್ಡ ಮಕ್ಕಳಿಗೆ ಆಟ ಬೇಕು, ಅವನು ಅತ್ತರೆ ಎತ್ತಿಕೊಳ್ಳಬೇಕು. ಚಿಕ್ಕ ತಮ್ಮತಂಗಿಯರನ್ನು ಸೊಂಟದ ಮೇಲೆ ಹೊತ್ತು ಆಟಕ್ಕೆ ಹೋದವರಿಗೆಲ್ಲ ಈ ಸಂಕಟ ಗೊತ್ತು. ಲ್ಯಾಂಬ್‌ನ ಸುತ್ತ ನೆಸ್ಬಿಟ್ ಮೂರು ವರಗಳನ್ನು ಹೆಣೆದಿದ್ದಾರೆ. ಮೂರನ್ನೂ ಬಿಡಿಸಿ ನೋಡೋಣ.

ಮೊದಲನೆಯದು ಮಕ್ಕಳು ಬೇಡಿದ ಮೊಟ್ಟಮೊದಲ ವರ: ನಮ್ಮನ್ನೆಲ್ಲ ಅಪರೂಪದ ಸುಂದರರನ್ನಾಗಿ ಮಾಡು. ಆದರು. ಒಬ್ಬರನ್ನೊಬ್ಬರು ನೋಡಿದರೆ ಗುರುತೇ ಸಿಗದಷ್ಟು ಚೆಲುವು. ತಮ್ಮನನ್ನು ಎತ್ತಿಕೊಳ್ಳಲು ಹೋದರೆ ಅವನು ಕಿಟಾರನೆ ಕಿರುಚುತ್ತಾನೆ, ಇವರು ಅಪರಿಚಿತರಲ್ಲವೇ! ದಾದಿ ಮಾರ್ಥಾ ಬಾಗಿಲು ಹಾಕಿಕೊಳ್ಳುತ್ತಾಳೆ. ಮಧ್ಯಾಹ್ನದ ಊಟವಿಲ್ಲ, ಸಂಜೆಯವರೆಗೆ ಮನೆಯೊಳಗೆ ಪ್ರವೇಶವಿಲ್ಲ. ತಮ್ಮನ ಕಣ್ಣಿಗೆ ಬೇಕಾದದ್ದು ಚೆಲುವಲ್ಲ, ದಿನವೂ ಕಾಣುವ ಅದೇ ಮುಖ.

ಎರಡನೆಯದು ಸಿಟ್ಟಿನಲ್ಲಿ ಹುಟ್ಟಿದ್ದು. ಲ್ಯಾಂಬ್‌ನನ್ನು ನೋಡಿಕೊಳ್ಳುವ ಹೊಣೆ ಬಿದ್ದ ದಿನ ಅವನ ಕಾಟಕ್ಕೆ ರೋಸಿಹೋದ ರಾಬರ್ಟ್, ಇವನು ಯಾರಿಗೂ ಬೇಡ, ಎಲ್ಲರಿಗೂ ಬೇಕಾಗಿದ್ದರೆ ನಮಗೆ ನೆಮ್ಮದಿಯಾದರೂ ಸಿಗುತ್ತಿತ್ತು ಎಂಬರ್ಥದ ಮಾತಾಡುತ್ತಾನೆ. ಯಕ್ಷ ಪಕ್ಕದಲ್ಲೇ ಇದೆ. ಅಸ್ತು! ಆಮೇಲೆ ದಾರಿಯಲ್ಲಿ ಕಂಡವರೆಲ್ಲ ಮಗುವಿಗಾಗಿ ಹಂಬಲಿಸತೊಡಗುತ್ತಾರೆ. ಗಾಡಿಯಲ್ಲಿ ಬಂದ ಶ್ರೀಮಂತ ಹೆಂಗಸು ಕೂಸನ್ನು ಎತ್ತಿಕೊಂಡು ಹೊರಟೇಬಿಡುತ್ತಾಳೆ. ಅವಳ ಸಾರಥಿಗೂ ಸೇವಕನಿಗೂ ಮಗು ತನಗೇ ಬೇಕೆಂದು ಹೊಡೆದಾಟ. ಆ ಗಲಾಟೆಯಲ್ಲಿ ಮಕ್ಕಳು ತಮ್ಮನನ್ನು ಕದ್ದು ತಂದರೆ ಮುಂದೆ ಅಲೆಮಾರಿ ಜಿಪ್ಸಿಗಳ ಬಿಡಾರ. ಅವರಿಗೂ ಮಗು ಬೇಕು, ಬಿಡುವುದಿಲ್ಲ. ಬೆಳಗ್ಗೆ ಯಾರಿಗಾದರೂ ಕೊಟ್ಟುಬಿಟ್ಟರೆ ಸಾಕು ಎಂದಿದ್ದ ಮಕ್ಕಳು ಸೂರ್ಯ ಮುಳುಗುವವರೆಗೆ ಆ ಮಗುವಿನ ಕಾವಲಿಗೆ ನಿಲ್ಲುತ್ತಾರೆ. ಸೂರ್ಯ ಮುಳುಗಿದ ಮೇಲೆ ಜಿಪ್ಸಿ ಗಂಡಸರಿಗೆ ಮಗು ಬೇಡವಾಗುತ್ತದೆ. ಆದರೆ ಒಬ್ಬ ಜಿಪ್ಸಿ ಹೆಂಗಸು, ಮಾಯೆಯ ಹಂಗಿಲ್ಲದೆ, ತಾನಾಗಿ ಮಗುವಿಗೆ ಮುತ್ತಿಟ್ಟು ಹರಸುತ್ತಾಳೆ. ವರದಿಂದ ಬಂದ ಪ್ರೀತಿಯನ್ನೂ ತಾನಾಗಿ ಬಂದ ಪ್ರೀತಿಯನ್ನೂ ಲೇಖಕಿ ಒಂದೇ ಪುಟದಲ್ಲಿ ಅಕ್ಕಪಕ್ಕ ನಿಲ್ಲಿಸುವುದು ಹೀಗೆ.

ಮೂರನೆಯದು ಇನ್ನೊಂದು ಸಿಟ್ಟು. ಇವನು ಬೇಗ ದೊಡ್ಡವನಾಗಬಾರದೇ ಎಂಬ ಉದ್ಗಾರ ಆ ದಿನದ ವರವಾಗಿಬಿಡುತ್ತದೆ. ಕಣ್ಣೆದುರಿಗೆ ಕೂಸು ಮೀಸೆ ಚಿಗುರಿದ ಯುವಕನಾಗುತ್ತದೆ. ಲ್ಯಾಂಬ್ ಎಂದು ಕರೆಯಬೇಡಿ, ನನ್ನ ಹೆಸರು ಹಿಲರಿ ಎನ್ನುತ್ತಾನೆ. ಅಣ್ಣಂದಿರು ಅಕ್ಕಂದಿರು ಈಗ ಅವನ ಕಣ್ಣಿಗೆ ತಲೆಹರಟೆ ಚಿಕ್ಕ ಮಕ್ಕಳು. ಮನೆಗೆ ಹೋಗಿ ಎಂದು ಗದರಿಸುತ್ತಾನೆ, ಸೈಕಲ್ ಏರಿ ತನ್ನ ಪಾಡಿಗೆ ಹೊರಡಲು ನೋಡುತ್ತಾನೆ, ದಾರಿಯಲ್ಲಿ ಸಿಕ್ಕ ತರುಣಿಯೊಡನೆ ಸಲ್ಲಾಪಕ್ಕೆ ನಿಲ್ಲುತ್ತಾನೆ. ಇವರಿಗೋ ಒಂದೇ ಚಿಂತೆ: ದೂರ ಹೋದಮೇಲೆ ಸಂಜೆಯಾದರೆ? ಯಾವುದೋ ಊರಿನ ಬೀದಿಯಲ್ಲಿ ಕೈಕೂಸು ಒಂಟಿಯಾಗಿ ಉಳಿಯುತ್ತದೆ. ಹಾಗಾಗಿ ಬೈಸಿಕೊಳ್ಳುತ್ತಲೇ ಬೆನ್ನು ಬಿಡದೆ ಕಾಯುತ್ತಾರೆ. ಮನೆ ಮುಟ್ಟಿದಾಗ ಮಾರ್ಥಾಳಿಗೆ ಮೀಸೆಯೂ ಕಾಣುವುದಿಲ್ಲ, ಕೋಟೂ ಕಾಣುವುದಿಲ್ಲ. ಮಾಯೆ ಕೆಲಸದವರ ಕಣ್ಣಿಗೆ ಬೀಳಕೂಡದೆಂದು ಮಕ್ಕಳು ಮೊದಲೇ ಬೇಡಿಕೊಂಡಿರುತ್ತಾರೆ. ಅವಳು ತನ್ನ ಕಂದನನ್ನು ಬಾಚಿ ಎತ್ತಿಕೊಳ್ಳುತ್ತಾಳೆ. ಇಡೀ ಪುಸ್ತಕದಲ್ಲಿ ನಾನು ಅತಿ ಹೆಚ್ಚು ನಕ್ಕದ್ದು ಇಲ್ಲಿ.

‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆ ನಮ್ಮಲ್ಲಿದೆ. ನೆಸ್ಬಿಟ್ ಆ ದಾಯಾದಿತನವನ್ನು ಒಂದೇ ಹಗಲಿನಲ್ಲಿ ತೋರಿಸಿ, ಸಂಜೆಗೆ ಅಳಿಸಿ ಹಾಕುತ್ತಾರೆ. ಗಮನಿಸಿ, ಮಕ್ಕಳಿಗೆ ಬುದ್ಧಿ ಬಂತು, ಅವರು ಇನ್ನೆಂದೂ ಜಗಳವಾಡಲಿಲ್ಲ ಎಂದು ಆಕೆ ಎಲ್ಲೂ ಬರೆಯುವುದಿಲ್ಲ. ಮರುದಿನ ಬೆಳಗ್ಗೆ ಮತ್ತೆ ಕಿತ್ತಾಟ, ಮತ್ತೊಂದು ವರ. ಆಕೆಗಿಂತ ಹಿಂದಿನ ಇಂಗ್ಲಿಷ್ ಮಕ್ಕಳ ಪುಸ್ತಕಗಳಲ್ಲಿ ನೀತಿಪಾಠದ ಭಾರ ಹೆಚ್ಚು, ಹಟಮಾರಿ ಮಗುವಿಗೆ ಶಿಕ್ಷೆ ಖಂಡಿತ. ನೆಸ್ಬಿಟ್ ಮಕ್ಕಳ ಪಕ್ಕದಲ್ಲೇ ಕೂತು, ದೊಡ್ಡವರ ಬಗ್ಗೆ ಪಿಸುಗುಟ್ಟುತ್ತಾ ಕಥೆ ಹೇಳುತ್ತಾರೆ.

ಈ ಕಥೆಯ ಹಿಂದೆ ಒಂದು ನಿಜವಾದ ಮನೆಯಿದೆ. ನೆಸ್ಬಿಟ್ ಹುಟ್ಟಿದ್ದು 1858ರಲ್ಲಿ. ನಾಲ್ಕು ತುಂಬುವ ಮೊದಲೇ ತಂದೆ ತೀರಿಹೋದರು. ಮುಂದೆ ಗಂಡನಿಗೂ ಮನೆಯಲ್ಲೇ ಇದ್ದ ಗೆಳತಿ ಆಲಿಸ್ ಹೋಟ್ಸನ್‌ಗೂ ಹುಟ್ಟಿದ ಇಬ್ಬರು ಮಕ್ಕಳನ್ನು ಈಡಿತ್ ತನ್ನ ಮಕ್ಕಳ ಜೊತೆಯಲ್ಲೇ ಸಾಕಿದರು. ಅವರಲ್ಲಿ ಕಿರಿಯವನು 1899ರಲ್ಲಿ ಹುಟ್ಟಿದ ಜಾನ್. ಮರುವರ್ಷ ಆಕೆಯ ಸ್ವಂತ ಮಗ, 15 ವರ್ಷದ ಫೇಬಿಯನ್, ಗಂಟಲಿನ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲೇ ತೀರಿಕೊಂಡ. ಅದಾಗಿ ಎರಡು ವರ್ಷಕ್ಕೆ ಬಂದ ಈ ಪುಸ್ತಕವನ್ನು ಆಕೆ ಅರ್ಪಿಸಿದ್ದು ಪುಟ್ಟ ಜಾನ್‌ಗೆ. ಹೆತ್ತ ಮಗನನ್ನು ಕಳೆದುಕೊಂಡು, ಇನ್ನೊಬ್ಬಳು ಹೆತ್ತ ಕೂಸನ್ನು ಎದೆಗವಚಿಕೊಂಡ ಹೆಣ್ಣು, ಬೇಡವಾದ ಮಗುವೊಂದು ಲೋಕಕ್ಕೆಲ್ಲ ಬೇಕಾಗುವ ಕಥೆ ಬರೆದಳು ಎಂದು ತಿಳಿದಾಗ ಆ ಜಿಪ್ಸಿ ಹೆಂಗಸಿನ ಮುತ್ತಿಗೆ ತೂಕ ಬರುತ್ತದೆ.

ಈ ಪುಸ್ತಕದ ಸಂತತಿ ದೊಡ್ಡದು. ಅಮೆರಿಕದ ಎಡ್ವರ್ಡ್ ಈಗರ್ ನೆಸ್ಬಿಟ್‌ಗೆ ತಾನು ಋಣಿ ಎಂದು ಹೇಳಿಕೊಂಡೇ 1954ರಲ್ಲಿ ‘ಹಾಫ್ ಮ್ಯಾಜಿಕ್’ ಬರೆದರು. ಅಲ್ಲಿ ನಾಲ್ವರು ಒಡಹುಟ್ಟಿದವರಿಗೆ ಸಿಕ್ಕ ನಾಣ್ಯ ಬೇಡಿದ್ದರಲ್ಲಿ ಅರ್ಧ ಮಾತ್ರ ಕೊಡುತ್ತದೆ. ಆದ್ದರಿಂದ ಏನೇ ಬೇಕಿದ್ದರೂ ಎರಡರಷ್ಟು ಬೇಡಬೇಕು, ಬಾಯಿ ತೆರೆಯುವ ಮೊದಲು ಲೆಕ್ಕ ಮಾಡಬೇಕು. ಬ್ರಿಟನ್ನಿನ ಜಾಕ್ವೆಲಿನ್ ವಿಲ್ಸನ್ 2012ರಲ್ಲಿ ಅದೇ ಸ್ಯಾಮಿಯಾಡನ್ನು ಮಲಸಹೋದರಿಯರ ಜಗಳದ ನಡುವೆ ತಂದು ಕೂರಿಸಿದರು. ಎರಡು ವರ್ಷದ ನಂತರ ಕೇಟ್ ಸಾಂಡರ್ಸ್ ಒಂದು ನಿಷ್ಠುರ ಲೆಕ್ಕ ಹಾಕಿದರು: 1902ರಲ್ಲಿ ಆಟವಾಡುತ್ತಿದ್ದ ಸಿರಿಲ್, ರಾಬರ್ಟ್ 1914ಕ್ಕೆ ಸೈನ್ಯ ಸೇರುವ ವಯಸ್ಸಿನವರು. ಆ ಲೆಕ್ಕದಿಂದ ಹುಟ್ಟಿದ, ಮೊದಲ ಮಹಾಯುದ್ಧದ ಹಿನ್ನೆಲೆಯ ಅವರ ಕಾದಂಬರಿಗೆ ಕೋಸ್ಟಾ ಬಹುಮಾನ ಬಂತು.

ತಂದೆತಾಯಿಯರಿಗೆ ಒಂದು ಮಾತು. ತಮ್ಮ ಬೇಡ, ತಂಗಿ ಬೇಡ ಎಂದು ಮಗು ಅಂದರೆ ಗಾಬರಿಯಾಗಬೇಡಿ. ಅದು ಆ ಹೊತ್ತಿನ ಸಿಟ್ಟು, ಸಂಜೆಗೆ ಇಳಿಯುತ್ತದೆ. ಬುದ್ಧಿ ಹೇಳುವ ಬದಲು ಇಂಥದೊಂದು ಕಥೆ ಹೇಳಿ. ಕೊನೆಯಲ್ಲಿ, ದಿನಕ್ಕೊಂದೇ ವರ, ಎಲ್ಲರೂ ಒಪ್ಪಬೇಕು ಎಂದರೆ ನೀವು ಏನು ಕೇಳುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಆ ಚರ್ಚೆಯಲ್ಲಿ ಅವರು ಕಲಿಯುವುದು ನೀತಿಪಾಠದಲ್ಲಿ ಸಿಗುವುದಿಲ್ಲ.

ಅನುವಾದಕರಿಗೂ ಒಂದು ಕೋರಿಕೆ. ನೆಸ್ಬಿಟ್ ತೀರಿಕೊಂಡದ್ದು 1924ರಲ್ಲಿ, ಪುಸ್ತಕದ ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಯಿತು. ಯಾರ ಅನುಮತಿಯೂ ಬೇಕಿಲ್ಲ. ಮನೆಯಲ್ಲಿ ಮಕ್ಕಳು ಕಿತ್ತಾಡುವ ಭಾಷೆ ಬಲ್ಲವರು ಇದನ್ನು ಕನ್ನಡಕ್ಕೆ ತನ್ನಿ.